ಹಿನ್ನೀರಿನ ದಂಡೆ ಕೊರೆತ: ಕೊಪ್ಪಳದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಂಗಭದ್ರಾ ಜಲಾಶಯದ ಎಡದಂಡೆಯ ಹಿನ್ನೀರಿನ ಊರುಗಳಲ್ಲಿ ಹೊಲದ ಅಂಚು, ಕಣ, ಬಾವಿ, ಮನೆ ಹಿತ್ತಲು ವರ್ಷಾ ಒಂದಿಷ್ಟು ನೀರಿಗೆ ಹೋಗುತ್ತವೆ. ಅದನ್ನು ಅಳೆಯಲು, ತಡೆಯಲು, ಕಾಗದದ ಮೇಲೆ ತರಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ.

## ಮೊದಲು ತಿಳಿಯಬೇಕಾದ್ದು

ಕೊರೆತ ಅಂದ್ರೇನು, ಮುಳುಗಡೆ ಅಂದ್ರೇನು? ಎರಡೂ ಒಂದೇ ಅಲ್ಲೇನು?

ಅಲ್ಲ. ಮುಳುಗಿದ ಹೊಲ ನೀರಿಳಿದ ಮೇಲೆ ವಾಪಸ್ ಬರುತ್ತದೆ, ಕೊರೆದುಹೋದ ಹೊಲ ಬರುವುದಿಲ್ಲ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹೋಗಿ ನೋಡಿ: ಬದು, ಕಲ್ಲು, ಹಳೇ ಸಾಲು ಕಂಡರೆ ಅದು ಮುಳುಗಡೆ. ಇಳಿಜಾರಾಗಿದ್ದ ನೆಲ ಕತ್ತರಿಸಿದ ಹಾಗೆ ಮೆಟ್ಟಿಲಾಗಿ, ಕೆಳಗೆ ಗರಸು (ಹರಳು ಮಣ್ಣು) ಮಾತ್ರ ಉಳಿದಿದ್ದರೆ ಅದು ಕೊರೆತ. ಅರ್ಜಿ ಬರೆಯುವಾಗ ಈ ಎರಡನ್ನೂ ಕಲಸಿಬಿಟ್ಟರೆ ‘ಆ ಜಾಗ ಮುಳುಗಡೆಗೆಂದೇ ಬಿಟ್ಟದ್ದು’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ.

ನಿಂತ ನೀರು ಮಣ್ಣನ್ನ ಹೆಂಗ ಕೊರೀತೈತಿ? ಇದೇನು ಹರಿಯೋ ಹೊಳಿ ಅಲ್ಲಲ್ಲ.

ಕೊರೆಯುವುದು ಗಾಳಿ ಎಬ್ಬಿಸುವ ತೆರೆ. ತೆರೆಯ ಎತ್ತರಕ್ಕೆ ಮೂರು ಕಾರಣ: ಗಾಳಿಯ ವೇಗ, ಅದು ಬೀಸುವ ಹೊತ್ತು, ಅಡ್ಡಿಯಿಲ್ಲದೆ ಗಾಳಿ ಓಡುವ ನೀರಿನ ಉದ್ದ. ಗಂಟೆಗೆ 36 ಕಿಲೋಮೀಟರ್ ಗಾಳಿ 10 ಕಿಲೋಮೀಟರ್ ನೀರಿನ ಮೇಲೆ ಸುಮಾರು ಎರಡು ಗಂಟೆ ಒಂದೇ ಸಮ ಬೀಸಿದರೆ ಅರ್ಧ ಮೀಟರ್ ಎತ್ತರದ ತೆರೆ ಏಳುತ್ತದೆ, ಮೂರು ಸೆಕೆಂಡಿಗೊಂದರಂತೆ ದಂಡೆಗೆ ಬಡಿಯುತ್ತದೆ. ಅಂದರೆ ಗಂಟೆಗೆ ಸಾವಿರದ ಇನ್ನೂರು ಬಡಿತ. ಅದೇ ಗಾಳಿಗೆ 2 ಕಿಲೋಮೀಟರ್ ನೀರಿನಲ್ಲಿ ಏಳುವ ತೆರೆ ಸುಮಾರು 23 ಸೆಂಟಿಮೀಟರ್, ಅರ್ಧ ಕಿಲೋಮೀಟರ್ ಅಗಲದ ಊರ ಕೆರೆಯಲ್ಲಿ 11 ಸೆಂಟಿಮೀಟರ್. ತೆರೆಯ ಶಕ್ತಿ ಎತ್ತರದ ವರ್ಗಕ್ಕೆ ಸಮನಾಗಿ ಏರುವುದರಿಂದ ಅರ್ಧ ಮೀಟರಿನ ತೆರೆಗೆ ಕೆರೆಯ ತೆರೆಗಿಂತ ಇಪ್ಪತ್ತು ಪಟ್ಟು ಬಲ. ಊರ ಕೆರೆಯ ದಂಡೆ ಕೆಟ್ಟಿದ್ದರೆ ತೆರೆಯನ್ನು ದೂರುವ ಮೊದಲು ಮಳೆನೀರಿನ ಕೊರಕಲು, ದನ ಇಳಿಯುವ ದಾರಿ ನೋಡಿ.

ನಮ್ಮ ದುರದೃಷ್ಟವೆಂದರೆ ಜಲಾಶಯ ತುಂಬುವ ಜುಲೈ-ಆಗಸ್ಟ್‌ನಲ್ಲೇ ಪಡುವಣ ಮತ್ತು ನೈಋತ್ಯದ ಮುಂಗಾರು ಗಾಳಿಯೂ ಜೋರು. ನೀರು ಅಂಚಿಗೆ ಬಂದ ಹೊತ್ತಿಗೇ ಗಾಳಿ ಸಿಗುತ್ತದೆ.

ನಮ್ಮ ಹೊಲ ಹೊಂಟೈತಿ, ಬಾಜೂದವನ ಹೊಲ ಹಂಗೇ ಐತಿ. ಯಾಕ?

ಮೊದಲು ದಿಕ್ಕು ನೋಡಿ. ಪಡುವಣಕ್ಕೋ ನೈಋತ್ಯಕ್ಕೋ ಮುಖ ಮಾಡಿದ ದಂಡೆಗೆ ತೆರೆ ನೇರ ಬಡಿಯುತ್ತದೆ. ನೂರು ಮೀಟರ್ ಆಚೆ, ಗುಡ್ಡದ ಮೂಗಿನ ಮರೆಯಲ್ಲಿರುವ ಹೊಲಕ್ಕೆ ಅದು ತಾಗುವುದೇ ಇಲ್ಲ.

ಎರಡನೆಯದು ಮಣ್ಣು. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಗರಸು ಬೆರೆತಿದ್ದರೆ ನುಣ್ಣನೆಯ ಮಣ್ಣು ತೊಳೆದುಹೋಗಿ ಹರಳು ಬುಡದಲ್ಲಿ ಕೂರುತ್ತದೆ, ಕೆಲವು ವರ್ಷದಲ್ಲಿ ಅದೇ ಒಂದು ಹೊದಿಕೆಯಾಗುತ್ತದೆ. ಎರೆ (ಕಪ್ಪು) ಮಣ್ಣಿಗೆ ಆ ಭಾಗ್ಯವಿಲ್ಲ. ಬೇಸಿಗೆಯಲ್ಲಿ ಅಂಚಿಗೆ ಸಮನಾಗಿ ಬಿರುಕು ಬಿಡುತ್ತದೆ, ಕೈ ಮೊಣಕೈವರೆಗೆ ಇಳಿಯುವಷ್ಟು. ಮೊದಲ ಮಳೆಯ ನೀರು ಆ ಬಿರುಕಿಗಿಳಿದು ಅಂಚು ಹೆಂಟೆಯಾಗಿ ಅಲ್ಲ, ಗೋಡೆಯಾಗಿ ಕಳಚುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕರ್ಲು (ಕ್ಷಾರದ) ಮಣ್ಣು. ಅದರ ಪರೀಕ್ಷೆ ಮುಂದೆ ಹೇಳಿದೆ.

ಮೂರನೆಯದು ದಂಡೆಯ ಮುಂದಿನ ನೆಲ. ಅದು ಐವತ್ತಕ್ಕೆ ಒಂದರಂತೆ ಸಪಾಟಾಗಿದ್ದರೆ ತೆರೆ ದೂರದಲ್ಲೇ ಮುರಿದು ಸುಸ್ತಾಗಿ ಬರುತ್ತದೆ. ಪಂಪಿನ ಸಕ್ಷನ್ ಪೈಪಿಗೆಂದು ದಂಡೆಯಲ್ಲಿ ಕಾಲುವೆ ತೋಡಿದ್ದರೆ ತೆರೆಗೆ ಬಾಗಿಲು ತೆಗೆದಂತೆಯೇ. ಕೊರೆತ ಬಹಳ ಕಡೆ ಅಲ್ಲಿಂದಲೇ ಶುರುವಾಗಿ ಎಡಬಲಕ್ಕೆ ಹಬ್ಬುತ್ತದೆ.

ಮಳಿಗಾಲ ಪೂರಾ ನಿಂತಿದ್ದ ದಂಡಿ ನೀರು ಇಳಿದ ಮ್ಯಾಲ ಕುಸೀತು. ಇದೇನ್ ವಿಚಿತ್ರ?

ತುಂಬಿದ ನೀರು ದಂಡೆಗೆ ಒರಗಿ ನಿಂತು ಆನಿಕೆ ಕೊಡುತ್ತಿರುತ್ತದೆ. ನೀರು ಬೇಗ ಇಳಿದರೆ ಆನಿಕೆ ಹೋಯಿತು, ಮಣ್ಣಿನೊಳಗಿನ ನೀರು ಮಾತ್ರ ಇನ್ನೂ ಅಲ್ಲೇ ಇದೆ. ತೂಕ ಹೆಚ್ಚಾಗಿ, ಒಳಗಿನಿಂದ ಒತ್ತಡ ಬಿದ್ದು ದಂಡೆ ಮುಂದಕ್ಕೆ ಜಾರುತ್ತದೆ. ಎರೆಯಲ್ಲಿ ನೀರು ಬಸಿಯುವುದು ನಿಧಾನವಾದ್ದರಿಂದ ಅಲ್ಲೇ ಇದು ಹೆಚ್ಚು. ಮೇಲಿನ ಹೊಲದಲ್ಲಿ ಭತ್ತ ಹಚ್ಚಿ ನೀರು ಕಟ್ಟಿದ್ದರಂತೂ ಬಸಿನೀರು ನಿಲ್ಲುವುದೇ ಇಲ್ಲ. ಅಂಚಿನಿಂದ ಎರಡು-ಮೂರು ಮೀಟರ್ ಒಳಗೆ ಕಮಾನಿನಂಥ ಸೀಳು ಕಂಡರೆ ಆ ಕಡೆ ದನ, ಟ್ರ್ಯಾಕ್ಟರ್ ಬಿಡಬೇಡಿ.

ಮೀನು ಹಿಡಿಯೋ ತೆಪ್ಪ, ಬೋಟಿನಿಂದ ದಂಡಿ ಕೊರೀತೈತೇನು?

ಇಲ್ಲ. ಅವರನ್ನು ಬಿಡಿ.

## ಅಳತೆ

ಎಷ್ಟು ಹೋಗೇತಿ ಅಂತ ಅಳಿಯೂದು ಹೆಂಗ? ಮಷೀನ್ ಬೇಕೇನು?

ಬೇಡ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಅಳೆಯಬೇಕಾದ್ದು ನೀರಿನ ಅಂಚನ್ನಲ್ಲ, ದಂಡೆಯ ಮೇಲಂಚನ್ನು. ನೀರಿನ ಅಂಚು ದಿನಾ ಸರಿಯುತ್ತದೆ. ಐವತ್ತಕ್ಕೆ ಒಂದು ಇಳಿಜಾರಿದ್ದಲ್ಲಿ ಮಟ್ಟ ಒಂದಡಿ ಇಳಿದರೆ ನೀರು ಐವತ್ತಡಿ ಹಿಂದೆ ಹೋಗುತ್ತದೆ. ಅದನ್ನು ಅಳೆದು ‘ಐವತ್ತಡಿ ಹೋಯಿತು’ ಎಂದವರೂ ‘ಐವತ್ತಡಿ ಬಂತು’ ಎಂದವರೂ ಬೇಕಾದಷ್ಟಿದ್ದಾರೆ.

ಬೇಕಾದ ಸಾಮಾನು: 16 ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದದ ಕಬ್ಬಿಣದ ಸರಳುಗಳು, ಸ್ವಲ್ಪ ಕಾಂಕ್ರೀಟ್, ಬಣ್ಣ, 50 ಮೀಟರಿನ ಉಕ್ಕಿನ ಟೇಪು. ಬಟ್ಟೆ ಟೇಪು ಎಳೆದಷ್ಟೂ ಉದ್ದವಾಗುತ್ತದೆ. ಅದು ಬೇಡ.

ದಂಡೆಯುದ್ದಕ್ಕೂ 50 ಮೀಟರಿಗೊಂದು ಅಡ್ಡಗೆರೆ ಹಾಕಿಕೊಳ್ಳಿ. ಪ್ರತಿ ಗೆರೆಗೂ ಮೇಲಂಚಿನಿಂದ 30 ಮೀಟರ್ ಒಳಗೆ ಒಂದು ಸರಳು, ಅದರ ಹಿಂದೆ 10 ಮೀಟರಿಗೆ ಇನ್ನೊಂದು. ಎರಡನ್ನೂ ಕಾಂಕ್ರೀಟಿನಲ್ಲಿ ಕೂರಿಸಿ, ತಲೆ ಮಾತ್ರ ನಾಲ್ಕು ಬೆರಳು ಮೇಲೆ. ಎರಡು ಸರಳು ಯಾಕೆಂದರೆ, ಹಿಂದಿನದರಿಂದ ಮುಂದಿನದನ್ನು ನೋಡಿದರೆ ಟೇಪು ಹಿಡಿಯುವ ದಿಕ್ಕು ಪ್ರತಿ ವರ್ಷವೂ ಒಂದೇ ಇರುತ್ತದೆ. ಒಂದೇ ಸರಳಿದ್ದರೆ ಈ ವರ್ಷ ನೇರ, ಮುಂದಿನ ವರ್ಷ ಓರೆ. ಉಳುವ ಜಾಗದಲ್ಲಿ ಬೇಡ, ಬದುವಿನ ಮೇಲೆ ನೆಡಿ. ಇಲ್ಲದಿದ್ದರೆ ನೇಗಿಲಿಗೆ ಸಿಕ್ಕಿ ಕಿತ್ತುಬರುತ್ತದೆ, ಮೂರು ವರ್ಷದ ಅಳತೆ ಅಲ್ಲಿಗೆ ಮುಗಿಯಿತು.

ಟೇಪನ್ನು ಎಳೆದು ಸಮತಲವಾಗಿ ಹಿಡಿದು ಮುಂದಿನ ಸರಳಿನಿಂದ ಮೇಲಂಚಿನವರೆಗೆ ಓದಿ. ಅಂಚು ಜೋಲುತ್ತಿದ್ದರೆ ಬಿರುಕಿನ ಈಚೆಗೇ ನಿಲ್ಲಿ. ದಂಡೆಯ ಎತ್ತರವನ್ನೂ ಬರೆದುಕೊಳ್ಳಿ.

ವರ್ಷಕ್ಕ ಎಷ್ಟು ಸಲ, ಯಾವಾಗ?

ಎರಡು ಸಲ ಸಾಕು. ಜೂನ್ ಮೊದಲ ವಾರ, ನೀರು ಏರುವ ಮುಂಚೆ ಒಮ್ಮೆ. ಡಿಸೆಂಬರ್‌ನಲ್ಲಿ ನೀರು ಬುಡದಿಂದ ಸರಿದ ಮೇಲೆ ಒಮ್ಮೆ. ಜೂನ್‌ನಿಂದ ಡಿಸೆಂಬರ್‌ವರೆಗಿನ ನಷ್ಟ ಬಹುಪಾಲು ತೆರೆಯದು, ಉಳಿದದ್ದು ಕುಸಿತದ್ದು. ಎರಡನ್ನೂ ಬೇರೆಬೇರೆ ಇಟ್ಟರೆ ಯಾವುದಕ್ಕೆ ಮದ್ದು ಬೇಕು ಎಂಬುದು ಆಗಲೇ ಅರ್ಧ ಗೊತ್ತಾಗುತ್ತದೆ. ಪ್ರತಿ ಸಲವೂ ಆ ದಿನದ ಜಲಾಶಯ ಮಟ್ಟವನ್ನು ಪಕ್ಕದಲ್ಲಿ ಬರೆಯಿರಿ. ಅದು ದಿನಾ ಪತ್ರಿಕೆಯಲ್ಲೇ ಬರುತ್ತದೆ.

ಮೀಟರ್ ಲೆಕ್ಕ ಬಿಡ್ರಿ, ಗುಂಟೆ ಎಷ್ಟಾತು ಹೇಳ್ರಿ.

ಒಂದು ಗುಂಟೆ ಅಂದರೆ 1089 ಚದರಡಿ, ಅಂದರೆ 101 ಚದರ ಮೀಟರ್. ಹಾಗಾಗಿ ಲೆಕ್ಕ ಬಾಯಲ್ಲೇ ಆಗುತ್ತದೆ: ನೂರು ಮೀಟರ್ ಉದ್ದದ ದಂಡೆ ಒಂದು ಮೀಟರ್ ಹಿಂದೆ ಸರಿದರೆ ಒಂದು ಗುಂಟೆ ಹೋಯಿತು. ದಂಡೆ ಎರಡು ಮೀಟರ್ ಎತ್ತರವಿದ್ದರೆ ಹೋದ ಮಣ್ಣು 200 ಘನ ಮೀಟರ್. ಮೂರು ಘನ ಮೀಟರ್ ಹಿಡಿಯುವ ಟ್ರೇಲರಿನಲ್ಲಿ ಅರವತ್ತೇಳು ಲೋಡು. ವಾಪಸ್ ತುಂಬಿಸುತ್ತೇನೆ ಎನ್ನುವವರಿಗೆ ಈ ಅಂಕಿ ಹೇಳಿ.

ಮೊಬೈಲ್‌ನಾಗ ಜಿಪಿಎಸ್ ಐತಿ, ದಿಶಾಂಕ್ ಆ್ಯಪ್ ಐತಿ. ಅದರಾಗ ಆಗೂದಿಲ್ಲೇನು?

ಮೊಬೈಲ್ ಜಿಪಿಎಸ್ ಬಯಲಲ್ಲೂ ಮೂರರಿಂದ ಐದು ಮೀಟರ್ ತಪ್ಪುತ್ತದೆ. ವರ್ಷಕ್ಕೆ ಅರ್ಧ ಮೀಟರ್ ಹೋಗುವುದನ್ನು ಅದು ಹಿಡಿಯಲಾರದು. ದಿಶಾಂಕ್‌ನಲ್ಲಿ ಸರ್ವೆ ನಂಬರ್ ಯಾವುದೆಂದು ಗುರುತಿಸಲು ಅಡ್ಡಿಯಿಲ್ಲ, ಗಡಿ ನಿರ್ಧರಿಸಲು ಅದು ಆಗದು. ಮೊಬೈಲಿನ ನಿಜವಾದ ಉಪಯೋಗ ಫೋಟೊ: ಅದೇ ಸರಳಿನ ಪಕ್ಕ ನಿಂತು, ಅದೇ ದಿಕ್ಕಿಗೆ, ಚೌಕಟ್ಟಿನೊಳಗೆ ಅಡಿ-ಅಡಿಗೆ ಬಣ್ಣ ಬಳಿದ ಕೋಲೊಂದನ್ನು ನಿಲ್ಲಿಸಿ ತೆಗೆಯಿರಿ.

## ತಡೆ

ಚೀಲದಾಗ ಉಸುಕು ತುಂಬಿ ಇಟ್ರ ನಡೀತೈತೇನು?

ಒಂದು ಮಳೆಗಾಲಕ್ಕೆ ನಡೆಯುತ್ತದೆ. ಸಿಮೆಂಟ್, ಗೊಬ್ಬರದ ಪ್ಲಾಸ್ಟಿಕ್ ಚೀಲ ನಮ್ಮ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಪುಡಿಯಾಗುತ್ತದೆ. ಇಡುವುದೇ ಆದರೆ ಮುಕ್ಕಾಲು ಭಾಗ ಮಾತ್ರ ತುಂಬಿ. ಬಿಗಿದ ಚೀಲ ಒಂದರ ಮೇಲೊಂದು ಕೂರದೆ ಉರುಳುತ್ತದೆ. ಇಟ್ಟಿಗೆ ಕಟ್ಟಿದ ಹಾಗೆ ಸಂದು ತಪ್ಪಿಸಿ, ಇಳಿಜಾರಾಗಿ ಜೋಡಿಸಿ. ಒಡೆದ ಕಾಂಕ್ರೀಟು, ಹಳೇ ಟೈರು ಸುರಿಯುವುದು ಕಸ ಹಾಕಿದಷ್ಟೇ. ನಡುವಿನ ಸಂದಿನಲ್ಲಿ ತೆರೆ ಒಳನುಗ್ಗಿ ಹಿಂದಿನ ಮಣ್ಣನ್ನು ಹೀರುತ್ತದೆ.

ಕಲ್ಲು ಹೊದಿಸಬೇಕಂದ್ರ ಎಂಥಾ ಕಲ್ಲು, ಎಷ್ಟು?

ನಮ್ಮ ಭಾಗಕ್ಕೆ ದೇವರು ಕೊಟ್ಟದ್ದು ಕಣಶಿಲೆ (ಗ್ರಾನೈಟ್), ಅದೇ ಒಳ್ಳೆಯದು. ಅರ್ಧ ಮೀಟರ್ ತೆರೆ ಬರುವ ಕಡೆ, ಒಂದಕ್ಕೆ ಎರಡರ ಇಳಿಜಾರಿನಲ್ಲಿ, ಕಲ್ಲು ತಲಾ 30ರಿಂದ 40 ಕಿಲೋ ತೂಗಬೇಕು. ಇಬ್ಬರು ಎತ್ತಬಹುದಾದ, ಒಬ್ಬ ಎತ್ತಲು ಹಿಂದೆಮುಂದೆ ನೋಡುವ ಗಾತ್ರ. ಗುಂಡುಕಲ್ಲು ಬೇಡ, ಮೂಲೆಯಿರುವ ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ.

ಮೊದಲು ಜೋಲುವ ಅಂಚನ್ನು ಕಡಿದು ಇಳಿಜಾರು ಮಾಡಿ. ಅದರ ಮೇಲೆ 20 ಸೆಂಟಿಮೀಟರ್ ಗರಸು-ಜಲ್ಲಿಯ ಹಾಸು, ಅದರ ಮೇಲೆ ಎರಡು ಕಲ್ಲಿನಷ್ಟು ದಪ್ಪ, ಸುಮಾರು 50 ಸೆಂಟಿಮೀಟರ್ ಹೊದಿಕೆ. ಬುಡದಲ್ಲಿ ಒಂದು ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಕಂದಕ ತೋಡಿ ಅದರೊಳಗಿಂದಲೇ ಕಲ್ಲು ಎಬ್ಬಿಸಿ. ಎರಡು ಮೀಟರ್ ಎತ್ತರದ ದಂಡೆಗೆ ಇಳಿಜಾರಿನ ಉದ್ದ ನಾಲ್ಕೂವರೆ ಮೀಟರ್ ಆಗುತ್ತದೆ. ಕಂದಕವೂ ಸೇರಿ ದಂಡೆಯ ಪ್ರತಿ ಮೀಟರಿಗೆ ಸುಮಾರು 3 ಘನ ಮೀಟರ್ ಕಲ್ಲು, ಅಂದರೆ ಸುಮಾರು 5 ಟನ್, ಮತ್ತು ಒಂದು ಘನ ಮೀಟರಿನಷ್ಟು ಜಲ್ಲಿ.

ಕೆಡುವುದು ಎಲ್ಲಿ ಎಂದರೆ, ಹತ್ತರಲ್ಲಿ ಎಂಟು ಕಡೆ ಜಲ್ಲಿಯ ಹಾಸು ಇರುವುದಿಲ್ಲ. ಮೇಲಿನಿಂದ ನೋಡಿದರೆ ಕಲ್ಲು ಚೆಂದ ಕಾಣುತ್ತದೆ, ಒಳಗೆ ತೆರೆ ಹೀರಿ ಹೀರಿ ಮಣ್ಣು ಖಾಲಿಯಾಗಿ ಒಂದು ದಿನ ಕಲ್ಲು ತೊಟ್ಟಿಲಿನ ಹಾಗೆ ಕುಸಿಯುತ್ತದೆ. ಖರ್ಚು ಉಳಿಸಬೇಕೆಂದರೆ ಉದ್ದ ಕಡಿಮೆ ಮಾಡಿ, ಹಾಸು ಬಿಡಬೇಡಿ. ಎರಡೂ ತುದಿಯನ್ನು ಮೂರು ಮೀಟರ್ ದಂಡೆಯೊಳಕ್ಕೆ ತಿರುಗಿಸಿ ಹೂಳಿ, ಇಲ್ಲದಿದ್ದರೆ ತೆರೆ ತುದಿಯಿಂದ ಹಿಂದಕ್ಕೆ ಸುತ್ತಿಕೊಂಡು ಬರುತ್ತದೆ. ಜಲಾಶಯಕ್ಕೆ ಸೇರಿದ ಜಾಗದಲ್ಲಿ ಕೆಲಸವಿದ್ದರೆ ಮೊದಲು ಇಲಾಖೆಯ ಅನುಮತಿ ಬರಹದಲ್ಲಿ ಪಡೆಯಿರಿ.

ಸಿಮೆಂಟ್ ಗೋಡಿ ಕಟ್ಟಿದ್ವಿ, ಎರಡ ವರ್ಷಕ್ಕ ಮುಂದ ಬಿತ್ತು. ಕಂಟ್ರಾಕ್ಟರ್ ಮೋಸ ಮಾಡಿದ್ನೇನು?

ಇರಬಹುದು, ಆದರೆ ನೆಟ್ಟಗಿನ ಗೋಡೆ ಸರಿಯಾಗಿ ಕಟ್ಟಿದರೂ ಅದೇ ಗತಿ. ತೆರೆ ಗೋಡೆಗೆ ಬಡಿದು ಸಾಯುವುದಿಲ್ಲ, ತಿರುಗಿ ಕೆಳಕ್ಕೆ ಬಿದ್ದು ಬುಡ ಅಗೆಯುತ್ತದೆ. ಹಿಂದೆ ತುಂಬಿಕೊಂಡ ಬಸಿನೀರಿಗೆ ದಾರಿಯಿಲ್ಲದಿದ್ದರೆ, ಜಲಾಶಯ ಇಳಿದಾಗ ಅದು ಹಿಂದಿನಿಂದ ತಳ್ಳುತ್ತದೆ. ಬಿದ್ದ ಗೋಡೆ ನೀರಿನ ಕಡೆಗೇ ಮಲಗಿದ್ದರೆ ಇದೇ ಕಾರಣ. ಅಂಥ ಗೋಡೆ ಉಳಿಸಿಕೊಳ್ಳಬೇಕೆಂದರೆ ಬುಡಕ್ಕೆ ಕಲ್ಲಿನ ರಾಶಿ, ಮೈಯಲ್ಲಿ ನೀರು ಹೋಗಲು ತೂತು, ತೂತಿನ ಹಿಂದೆ ಜಲ್ಲಿ ಬೇಕು.

ಬಳ್ಳಾರಿ ಜಾಲಿ ಬಿಟ್ರ ದಂಡಿ ಹಿಡಿತೈತಿ ಅಂತಾರ. ಖರೇನಾ?

ಮೇಲಂಚಿನ ಹಿಂದೆ ಇದ್ದರೆ ಮಳೆಯ ಕೊರಕಲಿಗೆ ಒಂದಿಷ್ಟು ತಡೆ. ಅಂಚಿನ ಮೇಲೇ ಇದ್ದರೆ ಬುಡ ಕೊರೆದಾಗ ತನ್ನ ಭಾರಕ್ಕೆ ತಾನೇ ಬಿದ್ದು, ಬೇರಿನ ಜೊತೆ ಬಂಡಿಯಷ್ಟು ಮಣ್ಣು ಎಳೆದುಕೊಂಡು ಹೋಗುತ್ತದೆ. ಇಳಿಜಾರಿನ ಮೇಲೆ ಲಾವಂಚ ಒಳ್ಳೆಯದು. ಬೇರು ನೇರ ಕೆಳಗಿಳಿಯುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗಿಡದಿಂದ ಗಿಡಕ್ಕೆ 10-15 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ ಒಂದು ಮೀಟರ್. ಎಲ್ಲರೂ ಮಾಡುವ ತಪ್ಪು ಜೂನ್‌ನಲ್ಲಿ ನೆಡುವುದು. ಬೇರು ಬಿಡುವ ಮುಂಚೆಯೇ ನೀರು ಬಂದು ಎತ್ತಿಕೊಂಡು ಹೋಗುತ್ತದೆ. ಡಿಸೆಂಬರ್-ಜನವರಿಯಲ್ಲಿ ನೆಟ್ಟು ಬೇಸಿಗೆಯಿಡೀ ನೀರುಣಿಸಿ, ದನ ಬಾರದ ಹಾಗೆ ಮುಳ್ಳು ಹಚ್ಚಿ. ಮೇಲಂಚಿನಿಂದ ಐದಾರು ಮೀಟರ್ ಒಳಗೆ ಹೊಂಗೆ, ಹೊಳೆಮತ್ತಿ ಸಾಲು. ಆದರೆ ಅರ್ಧ ಮೀಟರ್ ತೆರೆ ನೇರ ಬಡಿಯುವ ಕಡೆ ಹುಲ್ಲೊಂದನ್ನೇ ನಂಬಬೇಡಿ.

ಹೂಳು ಎತ್ತಿಬಿಟ್ರ ಕೊರೆತಾನೂ ನಿಲ್ತೈತಲ್ಲ?

ಹೂಳಿನ ಮಾತು ದೊಡ್ಡದು. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗಿನ ಲೆಕ್ಕದಲ್ಲಿ 105.788 ಟಿಎಂಸಿ. ಆದರೆ ಹೂಳೆತ್ತುವುದಕ್ಕೂ ದಂಡೆ ಉಳಿಯುವುದಕ್ಕೂ ಸಂಬಂಧವಿಲ್ಲ, ಬುಡದ ಹತ್ತಿರ ತೋಡಿದರೆ ಉಲ್ಟಾ. ದಂಡೆಯ ಮುಂದೆ ಆಳ ಹೆಚ್ಚಾದಷ್ಟೂ ತೆರೆ ಮುರಿಯದೆ ಹತ್ತಿರ ಬರುತ್ತದೆ. ಹೊಲಕ್ಕೆ ಹೂಳು ಹೇರುವವರು ದಂಡೆಯ ಬುಡದಿಂದ ಕನಿಷ್ಠ 50 ಮೀಟರ್ ಬಿಟ್ಟು ತೋಡಲಿ.

ಮನಿ ದಂಡಿಯಿಂದ ಇಪ್ಪತ್ತು ಮೀಟರ್ ಐತಿ. ಹೆದರಬೇಕೇನು?

ಲೆಕ್ಕ ಹಾಕಿ. ವರ್ಷಕ್ಕೆ ಸರಿಯುವ ದೂರವನ್ನು ಮನೆ ಬಾಳಬೇಕಾದ ವರ್ಷಗಳಿಂದ ಗುಣಿಸಿ. ಅದಕ್ಕೆ ಕುಸಿತದ ಪಾಲು ಕೂಡಿಸಿ: ಗರಸು ದಂಡೆಯಾದರೆ ಎತ್ತರದ ಒಂದೂವರೆ ಪಟ್ಟು, ಎರೆಯಾದರೆ ಮೂರು ಪಟ್ಟು. ವರ್ಷಕ್ಕೆ 60 ಸೆಂಟಿಮೀಟರ್, 30 ವರ್ಷ, ಮೂರು ಮೀಟರ್ ಎತ್ತರದ ಎರೆ ದಂಡೆ ಎಂದರೆ 18 ಮತ್ತು 9, ಒಟ್ಟು 27 ಮೀಟರ್. ಇಪ್ಪತ್ತು ಮೀಟರಿನ ಮನೆಗೆ ಕೋಣೆ ಕೂಡಿಸುವುದು ಬೇಡ. ಬಚ್ಚಲ ನೀರನ್ನು ದಂಡೆಯ ಕಡೆ ಬಿಡುವುದಂತೂ ಇವತ್ತೇ ನಿಲ್ಲಿಸಿ.

## ಕಾಗದ ಪತ್ರ

ಪಹಣಿಯೊಳಗ ನಾಲ್ಕು ಎಕರೆ ಐತಿ, ನೆಲದ ಮ್ಯಾಲ ಮೂರೂ ಇಲ್ಲ. ಮೊದಲು ಎಲ್ಲಿ ಹೋಗಬೇಕು?

ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸಿ ಗುರುತು ಹಾಕಿಸಲು, ಅರ್ಜಿ ಹಾಕಿ. ಸರ್ವೆಯವರು ಬಂದಾಗ ನಿಮ್ಮ ಸರಳುಗಳನ್ನೂ ನಕ್ಷೆಯಲ್ಲಿ ಗುರುತಿಸಲು ಕೇಳಿಕೊಳ್ಳಿ. ಅದರ ಜೊತೆಗೇ ತಿಳಿಯಬೇಕಾದ್ದು, ಮುಳುಗಡೆಗೆಂದು ಆಗ ಸ್ವಾಧೀನವಾದ ಗಡಿ ನಿಮ್ಮ ಸರ್ವೆ ನಂಬರಿನಲ್ಲಿ ಎಲ್ಲಿ ಹಾಯ್ದಿದೆ ಎಂಬುದು. ಆ ಗೆರೆಯ ಕೆಳಗೆ ಹೋದದ್ದು ಮೊದಲೇ ಸರ್ಕಾರದ್ದು. ಗೆರೆಯ ಮೇಲಿನದ್ದು ಹೋಗಿದ್ದರೆ ಮಾತ್ರ ಅದು ನಿಮ್ಮ ನಷ್ಟ. ನೀರಿಳಿದಾಗ ಪಟ್ಟಾ ಇಲ್ಲದೆ ಬಿತ್ತುವ ಜಾಗಕ್ಕೆ ಈ ದಾರಿ ಇಲ್ಲ.

ಸ್ವಾಧೀನದ ಹಳೇ ಕಡತ ಸಿಗವಲ್ಲದು. ಎಲ್ಲಿರತಾವ?

ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾದಾಗ ಎಡದಂಡೆ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. ಹಾಗಾಗಿ ಕೊಪ್ಪಳ ಕಡೆಯ ಹಳೇ ಕಾಗದ ಉರ್ದುವಿನಲ್ಲಿ, ಫಸಲಿ ಇಸವಿಯಲ್ಲಿ ಇರಬಹುದು. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ: 1358 ಎಂದಿದ್ದರೆ 1948-49. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚಿನದನ್ನು ರಾಯಚೂರಿನಲ್ಲೂ ವಿಚಾರಿಸಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನದ ಗಡುವು. ‘ಎಲ್ಲಾ ದಾಖಲೆ ಕೊಡಿ’ ಎಂದು ಬರೆಯಬೇಡಿ. ಊರು, ಸರ್ವೆ ನಂಬರ್ ಹಾಕಿ ಐತೀರ್ಪಿನ (ಸ್ವಾಧೀನದ ಪರಿಹಾರ ಆದೇಶದ) ಪ್ರತಿ, ಮುಳುಗಡೆ ನಕ್ಷೆ, ಜಂಟಿ ಅಳತೆ ಎಂದು ಹೆಸರಿಸಿ ಕೇಳಿ.

ಪರಿಹಾರ ಎಷ್ಟು ಸಿಗತೈತಿ?

ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಲ್ಲಿ ನದಿ ಪಾತ್ರ ಬದಲಿಸಿ ಜಮೀನೇ ಹೋದರೆ ಸಣ್ಣ, ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ ಎಂದಿದೆ, ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಜಲಾಶಯದ ತೆರೆ ವರ್ಷಾ ಒಂದಿಷ್ಟು ತಿನ್ನುವುದು ಆ ಸಾಲಿನೊಳಗೆ ಸಲೀಸಾಗಿ ಕೂರುವುದಿಲ್ಲ. ಆದ್ದರಿಂದ ಸ್ವಾಧೀನ ಗೆರೆ ದಾಟಿ ಹೋದ ಜಮೀನನ್ನು ಹೆಚ್ಚುವರಿಯಾಗಿ ಸ್ವಾಧೀನ ಮಾಡಿಕೊಳ್ಳಿ ಎಂಬ ಬೇಡಿಕೆಯೇ ಗಟ್ಟಿ. ಅದಕ್ಕೆ 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆಯ ದರ ಅನ್ವಯಿಸುತ್ತದೆ. ಒಬ್ಬೊಬ್ಬರೇ ಹೋಗದೆ ಊರಿನ ಎಲ್ಲ ಸರ್ವೆ ನಂಬರ್ ಒಂದೇ ಪಟ್ಟಿಯಲ್ಲಿ ಕೊಡಿ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಕರ್ಲು ಮಣ್ಣು ಅಂತ ಮನ್ಯಾಗ ತಿಳಕೊಳ್ಳೂದು ಹೆಂಗ?

ಗಾಜಿನ ಲೋಟದಲ್ಲಿ ಬಟ್ಟಿಯಿಳಿಸಿದ ನೀರು ಅಥವಾ ಮಳೆನೀರು ತುಂಬಿ. ಬೋರಿನ ನೀರು ಬೇಡ, ಅದರ ಉಪ್ಪು ಪರೀಕ್ಷೆಯನ್ನೇ ಕೆಡಿಸುತ್ತದೆ. ಕಡಲೆಕಾಳಿನಷ್ಟು ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಇಳಿಬಿಡಿ, ಅಲುಗಾಡಿಸಬೇಡಿ. ಹೆಂಟೆ ಒಡೆದು ಗುಡ್ಡೆಯಾದರೂ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ಹೆಂಟೆಯ ಸುತ್ತ ಹಾಲು ಬಿದ್ದ ಹಾಗೆ ಮೋಡ ಹಬ್ಬಿದರೆ ಆ ಮಣ್ಣು ನಿಂತ ನೀರಿನಲ್ಲೂ ಕರಗುತ್ತದೆ. ಅಂಥ ಕಡೆ ಕಲ್ಲಿನ ಹಿಂದೆ ಜಲ್ಲಿ ಮಾತ್ರ ಸಾಲದು, ನುಣ್ಣನೆಯ ಮರಳಿನ ಇನ್ನೊಂದು ಪದರ ಬೇಕು. ಮೇಲ್ಮಣ್ಣಿಗೆ ಜಿಪ್ಸಂ ಬೆರೆಸಬೇಕು.

ಉಪಗ್ರಹದ ಚಿತ್ರ ಪುಕ್ಕಟೆ ಸಿಗತಾವಲ್ಲ, ಹತ್ತು ವರ್ಷದ್ದು ಒಮ್ಮೆಲೇ ತೆಗಿಬಹುದಲ್ಲ?

ತೆಗೆಯಬಹುದು. ಸೆಂಟಿನೆಲ್-2ರ ಚಿತ್ರಗಳು 2015ರಿಂದ ಇವೆ, ಒಂದು ಚುಕ್ಕೆ 10 ಮೀಟರ್. ಲ್ಯಾಂಡ್‌ಸ್ಯಾಟ್ 1972ರಿಂದ ಇದೆ, ಚುಕ್ಕೆ ಇನ್ನೂ ದೊಡ್ಡದು. ಒಂದೊಂದು ಚಿತ್ರದಲ್ಲಿ ಅಂಚು ಐದು ಮೀಟರ್ ಆಚೀಚೆ ಎಂದರೆ ಎರಡು ಚಿತ್ರ ಹೋಲಿಸಿದಾಗ ತಪ್ಪು ಸುಮಾರು ಏಳು ಮೀಟರ್ (ಎರಡೂ ತಪ್ಪು ಪೂರ್ತಿ ಕೂಡುವುದು ಅಪರೂಪ). ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 70 ಸೆಂಟಿಮೀಟರ್. ನಿಮ್ಮ ದಂಡೆ ಅದಕ್ಕಿಂತ ಕಡಿಮೆ ಕೊರೆಯುತ್ತಿದ್ದರೆ ಚಿತ್ರದಲ್ಲಿ ಕಾಣುವುದು ಬರೀ ಅಳತೆಯ ತಪ್ಪು. ಎಲ್ಲಿ ಜೋರಾಗಿದೆ ಎಂದು ಊರೂರು ಹುಡುಕಲು ಉಪಗ್ರಹ, ಹೊಲಹೊಲದ ಲೆಕ್ಕಕ್ಕೆ ಟೇಪು.

ಹೋಲಿಸುವ ಎರಡು ಚಿತ್ರಗಳ ದಿನ ಜಲಾಶಯದ ಮಟ್ಟ ಒಂದೇ ಇರಬೇಕು. ಇಲ್ಲಿ 2024, 2025ರ ಚಿತ್ರಗಳ ಬಗ್ಗೆ ವಿಶೇಷ ಎಚ್ಚರ ಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು, ತುಂಬಿದ್ದ ಜಲಾಶಯ ಒಂದೇ ವಾರದಲ್ಲಿ ಇಳಿಯಿತು. 2025ರಲ್ಲಿ ಗೇಟುಗಳ ಸುರಕ್ಷತೆಗೆಂದು ಸಂಗ್ರಹವನ್ನು 80 ಟಿಎಂಸಿಗೆ ನಿಲ್ಲಿಸಿದರು. ಆ ಮಳೆಗಾಲದಲ್ಲಿ ತೆರೆ ಬಡಿದದ್ದು ಹಳೇ ಅಂಚಿಗಲ್ಲ, ಅದಕ್ಕಿಂತ ಕೆಳಗಿನ ನೆಲಕ್ಕೆ. ಜಲಾಶಯ ತುಂಬಿದ್ದ 2022ರ ಅಕ್ಟೋಬರ್ ಚಿತ್ರದ ಪಕ್ಕ 2025ರ ಅಕ್ಟೋಬರ್ ಚಿತ್ರ ಇಟ್ಟು ‘ಜಮೀನು ವಾಪಸ್ ಬಂದಿದೆ’ ಎಂದರೆ ನಗೆಪಾಟಲು.

ಅಣೆಕಟ್ಟಿ ಕಟ್ಟಿ ಎಪ್ಪತ್ತು ವರ್ಷ ಆತು. ಇನ್ನೂ ಯಾಕ ನಿಂತಿಲ್ಲ?

ಮಟ್ಟ ಒಂದೇ ಕಡೆ ನಿಲ್ಲುವ ಕೆರೆಯಲ್ಲಿ ಕೊರೆದ ಮಣ್ಣು ದಂಡೆಯ ಮುಂದೆ ಕೂತು ಸಪಾಟು ಜಗಲಿಯಾಗುತ್ತದೆ, ಜಗಲಿ ಅಗಲವಾದಂತೆ ತೆರೆ ದೂರದಲ್ಲೇ ಮುರಿದು ಕೊರೆತ ನಿಧಾನವಾಗುತ್ತದೆ. ನಮ್ಮ ಜಲಾಶಯದಲ್ಲಿ ಮಟ್ಟ ವರ್ಷಾ ಹತ್ತಾರು ಅಡಿ ಏರಿಳಿಯುತ್ತದೆ. ಇಳಿಯುವಾಗ ತೆರೆ ಆ ಜಗಲಿಯನ್ನೇ ತೊಳೆದು ಆಳಕ್ಕೆ ಒಯ್ಯುತ್ತದೆ, ಉಳಿದದ್ದನ್ನು ಬೇಸಿಗೆಯಲ್ಲಿ ನಾವೇ ಉತ್ತು ಸಡಿಲ ಮಾಡುತ್ತೇವೆ. ಗರಸು ದಂಡೆಗಳು ಕೆಲವು ಕಡೆ ನಿಂತಿವೆ. ಎರೆ ದಂಡೆ ತಾನಾಗಿ ನಿಲ್ಲಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ನಮ್ಮ ಟೇಪಿನ ಲೆಕ್ಕ ಒಂದು, ಸರ್ವೆಯವರದು ಒಂದು ಬಂತು. ಯಾವುದು ಸರಿ?

ಎರಡೂ ಸರಿಯಿರಬಹುದು. ನೀವು ಅಳೆದದ್ದು ಸರಳಿನಿಂದ ಅಂಚಿಗೆ, ಅವರು ಅಳೆದದ್ದು ಗಡಿಕಲ್ಲಿನಿಂದ. ಗಡಿಕಲ್ಲೇ ಸರಿದಿದ್ದರೆ, ಅಥವಾ ನೀರಿಗೆ ಹೋದ ಕಲ್ಲಿನ ಬದಲು ಅಂದಾಜಿನ ಮೇಲೆ ಇನ್ನೊಂದು ನೆಟ್ಟಿದ್ದರೆ ವ್ಯತ್ಯಾಸ ಅಲ್ಲಿಯದು. ಮರು ಅಳತೆಗೆ ಅರ್ಜಿ ಕೊಡುವಾಗ ನೀರಿನಿಂದ ದೂರವಿರುವ, ಅಕ್ಕಪಕ್ಕದ ಮೂರು ಸರ್ವೆ ನಂಬರುಗಳ ಕಲ್ಲಿನಿಂದ ಅಳೆಯಲು ಕೇಳಿ. ಆ ದಿನ ಬಾಜೂದ ಹೊಲದವರೂ ಸ್ಥಳದಲ್ಲಿದ್ದು ಪಂಚನಾಮೆಗೆ ಸಹಿ ಹಾಕಲಿ.